ಒಣಗಿಸುವ ಕೋಣೆಗೆ ಬಂದ ಮುದುಕ

ಭಾನುವಾರ ಬೆಳಿಗ್ಗೆ ಮನುಷ್ಯನಾದವನು ನಿದ್ದೆ ಮಾಡಬೇಕು, ಇಲ್ಲವೇ ಯಾರ ಜೊತೆಗಾದರೂ ಜಗಳ ಆಡಬೇಕು. ಬೆಂಚಿನ ಮೇಲೆ ಕೂತು ಪಾಠ ಕೇಳಬಾರದು. ನನಗೂ ಬೆಂಚಿಗೂ ಆಗಿಬರುವುದಿಲ್ಲ. ಏಳನೇ ತರಗತಿಯಲ್ಲಿ ಅದರ ಮೇಲಿಂದ ಎದ್ದು ಬಂದವನು ಮತ್ತೆ ಕೂತಿರಲಿಲ್ಲ. ಯಾರೂ ಶಾಲೆ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಂಥವನು ಈಗ ಕಂಪ್ಯೂಟರ್ ರಿಪೇರಿ ಅಂಗಡಿಯ ಮಹಡಿಯ ಮೇಲೆ, ಭಾವನ ಪಕ್ಕದಲ್ಲಿ, ಕ್ರಿಪ್ಟೊ ಗಣಿಗಾರಿಕೆ ಕಲಿಯಲು ಬಂದ ಹೊಸಬರ ನಡುವೆ ಮೊಣಕಾಲು ಮಡಚಿಕೊಂಡು ಕೂತಿದ್ದೆ. ಮೈಯೆಲ್ಲ ಉರಿಯುತ್ತಿತ್ತು.

ಕಳಿಸಿದವಳು ಅಕ್ಕ.

"ನೀನೂ ಹೋಗು. ಇವರು ಕೇಳಿಸ್ಕೊಂಡು ಬರೋದು ತಮಗೆ ಬೇಕಾದ ಅರ್ಧ ಮಾತ್ರ. ಉಳಿದರ್ಧ ನೀನು ಕೇಳಿಸ್ಕೊಂಡು ಬಾ" ಎಂದಿದ್ದಳು.

"ಬೇಡ ಅಂತ ಒಂದು ಮಾತು ಹೇಳೋಕೆ ಏನಕ್ಕಾ ನಿಂಗೆ?"

"ಮನೆಯಳಿಯ ಆಗಿ ಬಂದಾಗಿಂದ ಇವರು ಬಾಯಿಬಿಟ್ಟು ಕೇಳಿದ್ದು ಇದೊಂದೇ ಕಣೋ. ಇದಕ್ಕೂ ಬೇಡ ಅಂದ್ರೆ ಇನ್ನು ಯಾವತ್ತೂ ಏನೂ ಕೇಳಲ್ಲ ಇವರು. ಅದು ನಂಗೆ ಬೇಕಾಗಿಲ್ಲ."

ಭಾವ ಕೇಳಿದ್ದು ಸಣ್ಣದೇನಲ್ಲ. ಒಣಗಿಸುವ ಕೋಣೆಯನ್ನೇ ಕೇಳಿದ್ದರು.

ನಮ್ಮದು ಲಾಂಡ್ರಿ. ಮುಂದೆ ಅಮ್ಮನ ಇಸ್ತ್ರಿ ಮೇಜು, ನಡುವೆ ನಾನು ನೋಡಿಕೊಳ್ಳುವ ಒಗೆಯುವ ಮೆಷಿನ್ನು, ಹಿಂದುಗಡೆ ಆ ಕೋಣೆ. ಗೋಡೆಯಿಂದ ಗೋಡೆಗೆ ತಂತಿ ಎಳೆದ, ಒಂದೇ ಕಿಟಕಿಯ ಕೋಣೆ. ಬಿಸಿಲಿದ್ದಾಗ ಅದರ ನೆನಪೇ ಯಾರಿಗೂ ಬರುವುದಿಲ್ಲ. ಮಳೆ ಹಿಡಿಯಿತೋ, ನಮ್ಮ ಅನ್ನವೆಲ್ಲ ಆ ಕೋಣೆಯಲ್ಲೇ. ಹೆರಿಗೆ ಆಸ್ಪತ್ರೆಯ ಬೆಡ್‌ಶೀಟುಗಳು ಬರುವುದು ನಮಗೆ. ಹೊತ್ತಿಗೆ ಸರಿಯಾಗಿ ಒಣಗಿಸಿ ಕೊಡದಿದ್ದರೆ ಅವು ಎದುರು ಬೀದಿಯ ಲಾಂಡ್ರಿಗೆ ಹೋಗುತ್ತವೆ. ಅವು ಹೋದರೆ ಅಕ್ಕ ಒಬ್ಬಳೇ ನಿಂತು ಕಟ್ಟಿದ ಅಂಗಡಿಗೆ ಬಾಗಿಲು ಹಾಕಿದ ಹಾಗೆ. ಆ ಕೋಣೆಯಲ್ಲಿ ಸಾಲಾಗಿ ಗಣಿ ಮೆಷಿನ್ನುಗಳನ್ನು ಕೂರಿಸಬೇಕು ಎನ್ನುವುದು ಭಾವನ ಕನಸು. ಊರೆಲ್ಲ ಹೇಳಿಕೊಂಡೂ ಆಗಿತ್ತು.

"ಅಗೆಯೋದು ಎಲ್ಲಿ ಅಳಿಯಂದ್ರೇ? ಕೋಣೆ ನೆಲದಲ್ಲೇನಾ?" ಅಮ್ಮ ಕೇಳಿದ್ದಳು.

"ನೆಲ ಅಲ್ಲ ಅತ್ತೆ. ಲೆಕ್ಕದೊಳಗೆ ಅಗೆಯೋದು."

"ಹಾಗಾದ್ರೆ ಸರಿ. ನೆಲಕ್ಕೆ ಹೊಸದಾಗಿ ಸಿಮೆಂಟು ಹಾಕ್ಸಿದ್ದೀವಿ."

ಪಾಠ ಹೇಳುವ ಹೆಂಗಸನ್ನು ಎಲ್ಲರೂ ಗಣಿ ಮೇಡಂ ಎನ್ನುತ್ತಿದ್ದರು. ಕೆಳಗಿನ ರಿಪೇರಿ ಅಂಗಡಿ ಅವರದೇ. ಕುತ್ತಿಗೆಯಲ್ಲಿ ಕನ್ನಡಕ, ಕೈಯಲ್ಲಿ ಸ್ಕ್ರೂಡ್ರೈವರ್. ಸ್ಕ್ರೂಡ್ರೈವರಿನಿಂದಲೇ ತಲೆ ಕೆರೆದುಕೊಳ್ಳುತ್ತಿದ್ದರು. ಇವರು ಮೋಸಗಾರ್ತಿ ಎಂದು ನಾನು ಮೆಟ್ಟಿಲು ಹತ್ತುವಾಗಲೇ ತೀರ್ಮಾನ ಮಾಡಿದ್ದೆ. ಈಗ ಬಣ್ಣದ ಚಿತ್ರ ತೋರಿಸುತ್ತಾರೆ, ಈಗ ಕಾರು ಬಂಗಲೆ ಅನ್ನುತ್ತಾರೆ, ಆಗ ಎದ್ದು ನಿಂತು ಬೈದುಬಿಡಬೇಕು ಎಂದು ಬಾಯಲ್ಲಿ ಮಾತು ಜೋಡಿಸಿಕೊಂಡು ಕಾಯುತ್ತಿದ್ದೆ.

ಅವರು ಹಾಗೆ ಏನೂ ಅನ್ನಲಿಲ್ಲ. "ಒಂದು ಬೀಗ ಇದೆ ಅಂದ್ಕೊಳ್ಳಿ. ಅದಕ್ಕೆ ಹೊಂದೋ ಕೀಲಿ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಒಂದೊಂದೇ ಕೀಲಿ ಹಾಕಿ ನೋಡ್ತಾ ಹೋಗಬೇಕು. ಮೆಷಿನ್ನು ಮಾಡೋದು ಇಷ್ಟೇ, ಕಣ್ಣು ಮಿಟುಕಿಸೋದ್ರೊಳಗೆ ಕೋಟಿ ಕೋಟಿ ಕೀಲಿ ಹಾಕಿ ನೋಡುತ್ತೆ. ಪ್ರಪಂಚದಲ್ಲಿ ಇಂಥ ಮೆಷಿನ್ನು ಲಕ್ಷಗಟ್ಟಲೆ ಇವೆ, ಎಲ್ಲಾ ಒಂದೇ ಬೀಗದ ಮುಂದೆ ನಿಂತಿವೆ. ಮೊದಲು ತೆಗೆದವರಿಗೆ ಕಂಪ್ಯೂಟರ್ ಲೆಕ್ಕದ ನಾಣ್ಯ, ಮಾರಿದ್ರೆ ದುಡ್ಡು. ಬೀಗ ತೆಗೆದ ತಕ್ಷಣ ಇನ್ನೊಂದು ಬೀಗ."

"ಒಬ್ಬನೇ ಮಾಡಿದ್ರೆ ಸಿಗುತ್ತಾ ಮೇಡಂ?" ಮುಂದಿನ ಬೆಂಚಿನಲ್ಲಿದ್ದ ಕ್ಷೌರದಂಗಡಿಯವನು ಕೇಳಿದ.

"ನೀವು ಸಾಯೋದ್ರೊಳಗೆ ಸಿಗಲ್ಲ. ಅದಕ್ಕೇ ಗುಂಪು ಸೇರ್ತಾರೆ. ಯಾರಿಗೆ ಸಿಕ್ಕಿದ್ರೂ ದುಡಿದಷ್ಟು ಪಾಲು. ಆ ಪಾಲು ಕರೆಂಟು ಬಿಲ್ಲಿಗಿಂತ ಜಾಸ್ತಿ ಬಂದ್ರೆ ಮಾತ್ರ ನೀವು ಗೆದ್ರಿ. ಎಷ್ಟೋ ಜನಕ್ಕೆ ಬರಲ್ಲ. ಈ ಮಾತು ಇಷ್ಟ ಆಗದವರು ಈಗಲೇ ಎದ್ದು ಹೋಗಬಹುದು."

ನನ್ನ ಬಾಯಲ್ಲಿ ಜೋಡಿಸಿಟ್ಟ ಬೈಗುಳಗಳು ಕೆಲಸವಿಲ್ಲದೆ ಕೂತವು. ಸಿಟ್ಟು ಇನ್ನೂ ಹೆಚ್ಚಾಯಿತು.

ಆ ಮೇಲೆ ಗಾಳಿಯ ಪಾಠ. ಮೆಷಿನ್ನಿಗೆ ತಣ್ಣನೆ ಗಾಳಿ ಒಂದು ಕಡೆಯಿಂದ ಬರಬೇಕು, ಬಿಸಿ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಹೋಗಬೇಕು, ಹೋದದ್ದು ತಿರುಗಿ ಬರಬಾರದು. ಭಾವ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಮೂಟೆ ಹೊರುವಾಗಲೂ ಬಾಗಿಲಲ್ಲಿ ನಿಂತು ಗಿರಾಕಿಗಳ ಮಾತು ಕೇಳಿಸಿಕೊಳ್ಳುವಾಗಲೂ ಇರದ ಒಂದು ಕಳೆ ಮುಖದಲ್ಲಿತ್ತು. ಕೊನೆಗೆ ಮೇಡಂ ಬೆಂಕಿಯ ಪಾಠಕ್ಕೆ ಬಂದರು.

"ಏನೇ ಆಗಲಿ. ಹೊಗೆ ಬರಲಿ, ವಾಸನೆ ಬರಲಿ, ಮೊದಲು ಸ್ವಿಚ್ಚು, ಆಮೇಲೆ ಕೂಗಾಟ. ಎಲ್ಲಾ ಹೇಳಿ ನೋಡೋಣ."

"ಮೊದಲು ಸ್ವಿಚ್ಚು, ಆಮೇಲೆ ಕೂಗಾಟ" ಎಂದು ಬೆಂಚುಗಳೆಲ್ಲ ಚಿಕ್ಕಮಕ್ಕಳ ಹಾಗೆ ಕೂಗಿದವು. ಭಾವ ಎಲ್ಲರಿಗಿಂತ ಜೋರಾಗಿ ಕೂಗಿದರು. ನಾನು ಬಾಯಿ ತೆರೆಯಲಿಲ್ಲ.

ಆ ತರಗತಿಯಲ್ಲಿ ಒಂದು ಪದ್ಧತಿ ಇತ್ತು. ಯಾರೂ ಕಲಿತ ಕೂಡಲೇ ಮೆಷಿನ್ನು ಕೊಳ್ಳುವ ಹಾಗಿಲ್ಲ. ಮೇಡಂ ಬಳಿ ಒಂದು ಹಳೆಯ ಗಣಿ ಮೆಷಿನ್ನಿತ್ತು, ಹೆಸರು ಮುದುಕ. ಕೊಳ್ಳಬೇಕೆಂದು ಹೊರಟವರು ಮೊದಲು ಮುದುಕನನ್ನು ಒಂದು ವಾರ ಮನೆಗೆ ಕರೆದುಕೊಂಡು ಹೋಗಿ, ಯಾವ ಕೋಣೆಯಲ್ಲಿ ಇಡಬೇಕೆಂದಿದ್ದಾರೋ ಅಲ್ಲೇ ಇಟ್ಟು, ಅವನ ಜೊತೆ ಬಾಳಿ ಬರಬೇಕು. ಮುದುಕ ಸರದಿಯಂತೆ ಮನೆ ಮನೆ ಸುತ್ತುತ್ತಿದ್ದ. ಮುಂದಿನ ಭಾನುವಾರ ಕ್ಷೌರದಂಗಡಿಯವನು ಅವನನ್ನು ತಂದು ನಮ್ಮ ಬೆಂಚಿನ ಮೇಲೆ ಕುಕ್ಕಿದ.

"ತಗೊಳ್ಳಿ ಸ್ವಾಮಿ, ನಿಮ್ಮ ಪಾಲಿನ ತಾತ. ಇವನ ಸದ್ದಿಗೆ ನನ್ನ ಗಿರಾಕಿ ಒಬ್ಬ ಅರ್ಧ ಗಡ್ಡದಲ್ಲೇ ಎದ್ದು ಹೋದ. ಇವತ್ತಿಗೂ ಬಂದಿಲ್ಲ."

ಮೇಡಂ ಮುದುಕನ ಮುಚ್ಚಳ ಬಿಚ್ಚಿ, ಒಳಗಿದ್ದ ಕೂದಲನ್ನೆಲ್ಲ ಬ್ರಷ್ಷಿನಿಂದ ತೆಗೆದು, ಭಾವನ ಮುಖ ನೋಡಿದರು. "ಕೋಣೆ ಎಂಥದು?"

"ಖಾಲಿ ಕೋಣೆ ಮೇಡಂ."

"ಧೂಳು?"

"ದಿನಾ ಗುಡಿಸ್ತೀವಿ."

"ಲೈನು?"

"ದೊಡ್ಡ ಮೆಷಿನ್ನಿಗೆ ಅಂತ ಎಳೆಸಿದ ದಪ್ಪ ವೈರು ಇದೆ."

ಯಾವ ದೊಡ್ಡ ಮೆಷಿನ್ನು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಮನೆಯಳಿಯ, ಅತ್ತೆಯ ಲಾಂಡ್ರಿಯಲ್ಲಿ ಮೂಟೆ ಹೊರುವವನು ಎಂದು ಅಷ್ಟು ಜನರ ಮುಂದೆ ಹೇಳಲು ಭಾವನಿಗೆ ನಾಲಿಗೆ ಏಳಲಿಲ್ಲ. ನನ್ನ ಮೊಣಕೈಗೆ ಚಿವುಟಿದರು. ನಾನೂ ಸುಮ್ಮನಾದೆ. ಮಾಡಿಕೊಳ್ಳಲಿ, ಅನುಭವಿಸಲಿ ಅಂದುಕೊಂಡೆ.

"ಮುಂದೆ ಒಂದು ಮಾರು, ಹಿಂದೆ ಒಂದು ಮಾರು ಖಾಲಿ ಬಿಡಿ" ಎಂದರು ಮೇಡಂ. "ಈಗಿನ ಮೆಷಿನ್ನು ಬಿಸಿ ಜಾಸ್ತಿ ಆದ್ರೆ ತಾನೇ ನಿಲ್ಲುತ್ತೆ. ಇವನಿಗೆ ಆ ಬುದ್ಧಿ ಇಲ್ಲ."

ಮುದುಕ ನಮ್ಮ ಮನೆಗೆ ಬಂದ. ಗಾತ್ರ ಒಂದು ಸೋಪಿನ ಪೆಟ್ಟಿಗೆಯಷ್ಟು, ಗಂಟಲು ಮಾತ್ರ ಹತ್ತು ಮಿಕ್ಸಿಗಳದ್ದು. ಯಾರೋ ಕಲ್ಲು ರುಬ್ಬುತ್ತಿದ್ದಾರೆ, ಅದು ಎಂದಿಗೂ ನುಣ್ಣಗಾಗುವುದಿಲ್ಲ, ಅಂಥ ಸದ್ದು. ಅಮ್ಮ ಕಿವಿಗೆ ಹತ್ತಿ ತುರುಕಿಕೊಂಡು ಇಸ್ತ್ರಿ ಮಾಡಿದಳು. ಗಿರಾಕಿಗಳು ಕೈಸನ್ನೆಯಲ್ಲಿ ಬಟ್ಟೆ ಕೇಳಿದರು. ನನಗೆ ಒಳಗೊಳಗೇ ಖುಷಿ. ಈ ವಾರ ಮುಗಿಯುವುದರೊಳಗೆ ಮನೆಯವರೆಲ್ಲ ಸೇರಿ ಈ ತಾತನನ್ನೂ ಆ ಭಾವನನ್ನೂ ಬೀದಿಗೆ ಹಾಕುತ್ತಾರೆ ಎಂದು ಎಣಿಸಿಕೊಂಡು ಕಾದೆ.

ಅಷ್ಟರಲ್ಲಿ ಮಳೆ ಹಿಡಿಯಿತು.

ಹೆರಿಗೆ ಆಸ್ಪತ್ರೆಯಿಂದ ಬೆಡ್‌ಶೀಟುಗಳ ಮೂಟೆ ಬಂತು. ಮಾರನೇ ದಿನ ಬೆಳಿಗ್ಗೆಗೆ ಬೇಕೇಬೇಕು ಎಂದು ಆಯಾ ಹೇಳಿ ಹೋದಳು. ಒಗೆದು, ಹಿಂಡಿ, ಕೋಣೆಯ ತಂತಿಗಳ ಮೇಲೆ ಹರಡಿದೆವು. ಗೋಡೆಗಳೇ ಬೆವರುತ್ತಿದ್ದವು. ಅಕ್ಕ ಗಂಟೆಗೊಮ್ಮೆ ಹೋಗಿ ಬೆಡ್‌ಶೀಟಿನ ಅಂಚನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಅದು ಅವಳ ರೂಢಿ. ಕೈ ಸದಾ ನೀರಲ್ಲಿರುತ್ತದೆ, ಅದಕ್ಕೆ ತೇವ ಗೊತ್ತಾಗುವುದಿಲ್ಲ, ಕೆನ್ನೆ ಸುಳ್ಳು ಹೇಳುವುದಿಲ್ಲ ಎನ್ನುತ್ತಾಳೆ. ಪ್ರತಿ ಸಲವೂ ಇಲ್ಲವೆಂದು ತಲೆಯಾಡಿಸಿ ಹೊರಗೆ ಬಂದಳು.

ಭಾವ ಒಂದು ಬೆಡ್‌ಶೀಟನ್ನು ಎತ್ತಿಕೊಂಡು ಹೋಗಿ ಮುದುಕನ ಬಿಸಿ ಉಸಿರು ಬರುವ ಕಡೆ ಒಂದು ಹಗ್ಗ ಎಳೆದು ಅದರ ಮೇಲೆ ಹರಡಿದರು.

ಅಮ್ಮ ಒಂದು ಅಂಗಿಗೆ ಇಸ್ತ್ರಿ ಮಾಡಿ ಮುಗಿಸುವುದರೊಳಗೆ ಅದು ಗರಿಗರಿಯಾಗಿತ್ತು.

ಅಕ್ಕ ಕೆನ್ನೆಗೆ ಒತ್ತಿ ನೋಡಿದಳು. ಭಾವನ ಮುಖ ನೋಡಿದಳು. ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. "ಏನ್ರೀ ಇದು!" ಎಂದಳು. ಅಮ್ಮ ಕಿವಿಯ ಹತ್ತಿ ತೆಗೆದು, "ಪರವಾಗಿಲ್ವೇ, ಮುದುಕಪ್ಪ ಕೆಲಸಗಾರ" ಎನ್ನುತ್ತಾ ತನ್ನ ಒದ್ದೆ ಟವೆಲ್ಲನ್ನೂ ತಂದಳು.

ಮುಗಿಯಿತು ಅಂದುಕೊಂಡೆ. ಗೆದ್ದುಬಿಟ್ಟರು. ಈಗ ಒಂದರ ಬದಲು ಆರು ಮುದುಕರು ಬರುತ್ತಾರೆ, ಆ ಸದ್ದಿಗೆ ಗಿರಾಕಿಗಳು ಓಡುತ್ತಾರೆ, ಕರೆಂಟು ಬಿಲ್ಲು ನಮ್ಮನ್ನು ನುಂಗುತ್ತದೆ, ಅಕ್ಕ ನಗುತ್ತಲೇ ಅಂಗಡಿ ಕಳೆದುಕೊಳ್ಳುತ್ತಾಳೆ.

"ಒಂದು ಮಾರು ಜಾಗ ಬಿಡಿ ಅಂದಿದ್ರು ಮೇಡಂ" ಎಂದೆ.

"ಬಂದ್ಯಾ ಸಿಡುಕಪ್ಪಾ! ಪಾಠ ಕೇಳಿಸ್ಕೊಂಡಿಯಾ ಹಾಗಾದ್ರೆ?" ಭಾವ ಖುಷಿಯಲ್ಲಿದ್ದರು. "ಇವತ್ತೊಂದು ದಿನ ಕಣೋ. ಶೀಟು ಒಣಗಲಿ."

ಹಗ್ಗ ಇನ್ನೂ ಹತ್ತಿರ ಬಂತು. ಬಿಸಿ ಕಡೆ ಒಂದು ಸಾಲು, ಜಾಗ ಸಾಲದೆ ತಣ್ಣನೆ ಗಾಳಿ ಎಳೆಯುವ ಕಡೆಯೂ ಒಂದು ಸಾಲು. ಬಟ್ಟೆ ಒಣಗುವಾಗ ಅದರಿಂದ ಸಣ್ಣ ನೂಲಿನ ಧೂಳು ಉದುರುತ್ತದೆ. ನಮ್ಮ ತಲೆ, ಹುಬ್ಬು, ಟೀ ಲೋಟ ಎಲ್ಲದರ ಮೇಲೂ ಅದು ಇರುತ್ತದೆ. ದಿನವೂ ಉಸಿರಾಡುವ ವಸ್ತು ಕಣ್ಣಿಗೆ ಬೀಳುವುದಿಲ್ಲ. ಧೂಳು ಎಂದರೆ ನಮಗೆ ಬೀದಿಯಿಂದ ಬರುವ ಕೆಂಪು ಧೂಳು. ಇದನ್ನು ನಾವು ಯಾರೂ ಧೂಳೆಂದು ಎಣಿಸಿರಲೇ ಇಲ್ಲ.

ಮಧ್ಯಾಹ್ನ ಅಕ್ಕ ಒಣಗಿದ ಶೀಟು ಮಡಚಲು ಒಳಗೆ ಹೋದಳು. ನಾನು ಮೆಷಿನ್ನಿಗೆ ಬಟ್ಟೆ ತುಂಬುತ್ತಿದ್ದೆ. ಬಟ್ಟೆ ಸುಡುವ ವಾಸನೆ ಬಂತು.

ಲಾಂಡ್ರಿಯವರಿಗೆ ಆ ವಾಸನೆ ಗೊತ್ತು. ಅದಕ್ಕಿರುವುದು ಒಂದೇ ಅರ್ಥ, ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಉಳಿದಿದೆ. ಭಾವ ಬಾಗಿಲ ಬಳಿ ಮೂಟೆ ಇಳಿಸುತ್ತಿದ್ದವರು ಅದನ್ನು ಬಿಟ್ಟು ಇಸ್ತ್ರಿ ಮೇಜಿಗೆ ಓಡಿದರು. ನಾನೂ ಅಲ್ಲಿಗೇ ಓಡಿದೆ. "ಅಮ್ಮಾ, ಏನ್ ಸುಟ್ಟೆ?" ಎಂದು ಕಿರುಚಿದೆ.

"ನಿಮ್ಮಮ್ಮ ಯಾವತ್ತಾದ್ರೂ ಸುಟ್ಟಿದ್ದಾಳೇನೋ?" ಅಮ್ಮ ತಿರುಗಿ ಬಿದ್ದಳು. ಪೆಟ್ಟಿಗೆ ನೆಟ್ಟಗೆ ನಿಂತಿತ್ತು. ಆದರೂ ಮೂವರೂ ಮೇಜಿನ ಮೇಲಿದ್ದ ಅಂಗಿ ಎತ್ತಿ ನೋಡಿದೆವು, ಕೆಳಗಿನ ಕಂಬಳಿ ಎತ್ತಿ ನೋಡಿದೆವು, ಪೆಟ್ಟಿಗೆಯ ತಳ ನೋಡಿದೆವು. ಮನೆಗೆ ಬೆಂಕಿ ಬಿದ್ದರೂ ನಮ್ಮ ಕಣ್ಣು ಹೋಗುವುದು ಅಲ್ಲಿಗೇ.

ಆಗ ಹಿಂದಿನಿಂದ ಅಕ್ಕ ಕೆಮ್ಮಿದಳು.

ನನಗೆ ತಲೆ ಕೆಟ್ಟುಹೋಯಿತು. ಸಿಟ್ಟೋ ಭಯವೋ, ಎರಡೂ ನನ್ನಲ್ಲಿ ಒಂದೇ ಬಾಗಿಲಿನಿಂದ ಬರುತ್ತವೆ. ಮೆಷಿನ್ನಿನ ಪಕ್ಕದಲ್ಲಿದ್ದ ತುಂಬಿದ ಬಕೆಟ್ ಎತ್ತಿಕೊಂಡು ಕೋಣೆಗೆ ನುಗ್ಗಿದೆ. ನೇತುಬಿದ್ದ ಶೀಟುಗಳ ಮಧ್ಯೆ ಬೂದು ಹೊಗೆ. ಆಚೆ ಬದಿಯಲ್ಲಿ ಅಕ್ಕನ ಕಾಲು ಮಾತ್ರ ಕಾಣುತ್ತಿತ್ತು. ಕೆಳಗೆ ಮುದುಕನ ಬಾಯಲ್ಲಿ ಕೆಂಪಗೆ ಏನೋ ಮಿಣುಕುತ್ತಿತ್ತು. "ಸಾಯಿ ಮುದುಕಾ!" ಎಂದು ಬಕೆಟ್ ಎತ್ತಿದೆ.

ಕೈ ಮುಂದೆ ಹೋಗಲಿಲ್ಲ. ಯಾರೋ ಮಣಿಕಟ್ಟು ಹಿಡಿದಿದ್ದರು. ಅದೇ ಹೊತ್ತಿಗೆ ಸದ್ದು ನಿಂತಿತು. ಅಷ್ಟು ದಿನದ ಆ ರುಬ್ಬುವ ಸದ್ದು ಒಮ್ಮೆಲೇ ನಿಂತು, ಮಳೆಯ ಸದ್ದು ಕೇಳಿಸಿತು.

ಭಾವ. ಒಂದು ಕೈ ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಮೇಲೆ, ಇನ್ನೊಂದು ನನ್ನ ಮಣಿಕಟ್ಟಿನ ಮೇಲೆ.

"ಮೊದಲು ಸ್ವಿಚ್ಚು" ಎಂದರು. "ಈಗ ಕೂಗು. ಬೇಕಾದಷ್ಟು ಕೂಗು."

ನನಗೆ ಕೂಗಲು ಬರಲಿಲ್ಲ. ನೆಲವೆಲ್ಲ ಒದ್ದೆ, ಅಕ್ಕ ಬರಿಗಾಲಲ್ಲಿ ಅದರ ಮೇಲೆ ನಿಂತಿದ್ದಳು. ಕರೆಂಟು ಹರಿಯುವಾಗ ಆ ನೀರು ಸುರಿದಿದ್ದರೆ ಏನಾಗುತ್ತಿತ್ತು ಎಂದು ಆಗ ಹೊಳೆಯಿತು. ಬಕೆಟ್ ಕೈಯಿಂದ ಕೆಳಗಿಳಿಯಿತು.

ಭಾವ ಶೀಟುಗಳನ್ನು ಎಳೆದು ಹಾಕಿ ಅಕ್ಕನನ್ನು ಹೊರಗೆ ತಂದರು. ಹಿಂಡಿದ ಟವೆಲ್ಲೊಂದನ್ನು ಮುದುಕನ ಬಾಯಿಗೆ ಒತ್ತಿ ಹಿಡಿದರು. ಹೊಗೆ ನಿಂತಿತು. ಅಷ್ಟೇ. ಎರಡು ಶೀಟುಗಳ ಅಂಚು ಕಂದಿತ್ತು. ಅಕ್ಕನ ಹುಬ್ಬಿನ ಮೇಲೆ ಮಸಿ.

"ಏನೂ ಆಗಿಲ್ಲ ಬಿಡ್ರೋ. ಉಸಿರು ಕಟ್ಟಿತ್ತು ಅಷ್ಟೇ" ಎಂದಳು.

ಅಮ್ಮ ಅವಳ ಕೈ, ಕಾಲು, ಬೆನ್ನು ಎಲ್ಲ ತಡವಿ ನೋಡಿದಳು. ಅನುಮಾನ ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ಕಲೆ ಹುಡುಕುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕುಸಿದು ಕೂತು, "ಅಬ್ಬಾ" ಎಂದಳು. ಆ ಒಂದು ಮಾತಿಗೆ ನಾವೆಲ್ಲ ಉಸಿರು ಬಿಟ್ಟೆವು.

ಉಳಿದ ಶೀಟುಗಳನ್ನು ಅವತ್ತು ಅಮ್ಮ ಇಸ್ತ್ರಿಯಲ್ಲೇ ಒಣಗಿಸಿದಳು. ನಾವು ಮೂವರು ಒಂದೊಂದು ಮೂಲೆ ಹಿಡಿದು ಎಳೆದುಕೊಟ್ಟೆವು. ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಹೋದವು.

ಭಾನುವಾರ ಮುದುಕನನ್ನು ಹೊತ್ತು ಮೆಟ್ಟಿಲು ಹತ್ತುವಾಗ ನಾನು ಮತ್ತೆ ಮಾತು ಜೋಡಿಸಿಕೊಂಡಿದ್ದೆ. ಇಂಥ ಕೊಳ್ಳಿಯನ್ನು ಜನರ ಮನೆಗೆ ಕಳಿಸುತ್ತೀರಲ್ಲ, ನಾಚಿಕೆ ಆಗಲ್ವಾ ಎಂದು ಶುರು ಮಾಡುವುದೆಂದು.

ಮೇಡಂ ಮುಚ್ಚಳ ಬಿಚ್ಚಿದರು. ಒಳಗೆ ಬೂದು ಬಣ್ಣದ ಮೆತ್ತನೆಯ ದಿಂಬು ಕೂತಿತ್ತು, ಒಂದು ಅಂಚು ಕರಿದಾಗಿತ್ತು. ಎರಡು ಬೆರಳಿನಲ್ಲಿ ಅದನ್ನು ಎತ್ತಿ ಹಿಡಿದು, "ಇದೇನು, ಹಾಸಿಗೆ ಹೊಲಿತೀರಾ ನೀವು?" ಎಂದರು.

ನಾನು ಬಾಯಿ ತೆರೆಯುವುದರೊಳಗೆ ಭಾವ ಎದ್ದು ನಿಂತರು.

"ಲಾಂಡ್ರಿ ಮೇಡಂ. ನಮ್ಮತ್ತೆಯವರದು, ನಮ್ಮ ಮನೆಯವಳದು. ನಾನು ಮೂಟೆ ಹೊರ್ತೀನಿ. ಖಾಲಿ ಕೋಣೆ ಅಂದದ್ದು ಸುಳ್ಳು. ಬಟ್ಟೆ ಒಣಗಿಸೋ ಕೋಣೆ ಅದು." ಎಲ್ಲ ಬೆಂಚುಗಳೂ ತಿರುಗಿ ನೋಡುತ್ತಿದ್ದವು. "ತಪ್ಪು ನಂದು."

ಮೇಡಂ ಮುಖ ಬಿಳಿಚಿತು. "ಯಾರಿಗಾದ್ರೂ ಏನಾದ್ರೂ..."

"ಇಲ್ಲ. ಮೊದಲು ಸ್ವಿಚ್ಚು ಆರಿಸಿದೆ."

ಅವರು ಕುರ್ಚಿ ಎಳೆದುಕೊಂಡು ಕೂತರು. "ನಾನೂ ಮನೆಗೆ ಬಂದು ನೋಡಬೇಕಿತ್ತು. ಬರೀ ಬಾಯಿಮಾತು ನಂಬಿದೆ. ಇನ್ಮೇಲೆ ಮುದುಕ ಎಲ್ಲೂ ಹೋಗಲ್ಲ, ಇಲ್ಲೇ ಇರ್ತಾನೆ" ಎಂದರು. ನನ್ನ ಮಾತುಗಳು ಮತ್ತೆ ದಂಡವಾದವು. ಈ ಹೆಂಗಸು ನನಗೆ ಒಂದು ಸಲವಾದರೂ ಬೈಯಲು ಅವಕಾಶ ಕೊಡಬಾರದೇ! "ಮತ್ತೆ ನೋಡಿ, ಆ ಕೋಣೆಗೆ ಗಣಿ ಮೆಷಿನ್ನು ಬೇಡವೇ ಬೇಡ. ಹೊಸದೂ ಬೇಡ, ಹಳೆಯದೂ ಬೇಡ."

"ನಿಜವಾಗ್ಲೂ ಬೇಡ ಅಂತೀರಾ?" ಭಾವ ಕೇಳಿದರು.

"ಬೇಡ."

"ಹೀಗೆ ಬೇಡ ಅಂತ ನೀವೇ ಹೇಳಿದ್ರಿ ಅಂತ ಎಲ್ಲರಿಗೂ ಹೇಳಬಹುದಾ?"

"ಮೈಕು ಕಟ್ಟಿಸಿ ಹೇಳಿ."

ಭಾವನ ಹೆಗಲು ನನ್ನ ಕಣ್ಣೆದುರೇ ಕೆಳಗಿಳಿಯಿತು. ಮೂಟೆ ಇಳಿಸಿದಾಗ ಇಳಿಯುವ ಹಾಗೆ. ಹೊಟ್ಟೆಗೆ ಹಾಲು ಹುಯ್ದಂತಾಗಿ ನಕ್ಕರು. ನಾನು ಅವರನ್ನೇ ನೋಡಿದೆ.

ಬೀದಿಗೆ ಬಂದ ಮೇಲೆ ಕೇಳಿದೆ. "ನಿಮಗೇ ಬೇಡವಾಗಿತ್ತಾ ಭಾವ?"

"ಮುದುಕ ಬಂದ ಮೊದಲ ದಿನದಿಂದಲೂ ಬೇಡವಾಗಿತ್ತು ಕಣೋ. ಆ ಸದ್ದಿಗೆ ನಂಗೇ ಹುಚ್ಚು ಹಿಡಿಯೋ ಹಾಗಾಗಿತ್ತು. ಆದ್ರೆ ಊರೆಲ್ಲ ಹೇಳ್ಕೊಂಡು ಬಿಟ್ಟಿದ್ದೆನಲ್ಲ! ನಿಮ್ಮಕ್ಕ ಒಂದು ಸಲ ಬೇಡ ಅಂದುಬಿಟ್ಟಿದ್ರೆ ಆಗ್ತಿತ್ತು. ಅವಳು ಅನ್ನಲೇ ಇಲ್ಲ."

"ಅವಳು ಅನ್ನದೆ ಇದ್ದದ್ದು ನಿಮಗೋಸ್ಕರ!"

"ಹೌದಾ?" ಭಾವ ರಸ್ತೆಯ ಮಧ್ಯೆಯೇ ನಿಂತುಬಿಟ್ಟರು. ಹಿಂದಿನಿಂದ ಬಂದ ಸೈಕಲ್ಲಿನವನು ಇಬ್ಬರಿಗೂ ಸೇರಿಸಿ ಬೈದು ಹೋದ. ನನಗೆ ಅಂಥ ಬೈಗುಳ ಕೇಳಿದರೆ ರಕ್ತ ಕುದಿಯುತ್ತದೆ. ಅವತ್ತು ನಗು ಬಂತು. ಬೀದಿಯ ಕಟ್ಟೆ ಹಿಡಿದುಕೊಂಡು ಇಬ್ಬರೂ ನಕ್ಕೆವು. ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ನನ್ನ ದವಡೆ ನೋಯುತ್ತಿತ್ತು.

ಮನೆಗೆ ಬಂದು ಭಾವ ಕೋಣೆಯೊಳಗೆ ನಿಂತು ಗೋಡೆ ನೋಡತೊಡಗಿದರು. ತಣ್ಣನೆ ಗಾಳಿ ಕೆಳಗಿಂದ ಬರಬೇಕು, ಒದ್ದೆ ಗಾಳಿ ಮೇಲಿಂದ ಹೋಗಬೇಕು, ಹೋದದ್ದು ತಿರುಗಿ ಬರಬಾರದು ಎಂದು ತಮಗೆ ತಾವೇ ಹೇಳಿಕೊಂಡರು. ಮಾರನೇ ದಿನ ಬಾಗಿಲ ಬುಡದಲ್ಲಿ ಜಾಲರಿ ಕೂರಿಸಿದರು. ಕಿಟಕಿಯ ಮೇಲೆ ಗೋಡೆ ಒಡೆದು, ಹಳೆಯ ಸಾಮಾನಿನ ಅಂಗಡಿಯಿಂದ ತಂದ ಎಕ್ಸಾಸ್ಟ್ ಫ್ಯಾನು ಹಾಕಿದರು. ಏಣಿ ಹಿಡಿದವನು ನಾನು. ಸಿಮೆಂಟಿನ ಪುಡಿಯೆಲ್ಲ ನನ್ನ ತಲೆಯ ಮೇಲೇ ಬಿತ್ತು, ಬೇಕೆಂದೇ ಬೀಳಿಸಿದರು ಎಂದು ಈಗಲೂ ನನಗೆ ಅನುಮಾನ. ದಿನಾ ಬೆಳಿಗ್ಗೆ ಫ್ಯಾನಿನ ರೆಕ್ಕೆಗಳಿಂದ ನೂಲಿನ ಧೂಳು ಒರೆಸುವುದು ಈಗ ಭಾವನ ಕೆಲಸ. ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಮೊದಲ ಸಲ ಸ್ವಿಚ್ಚು ಹಾಕಿದಾಗ ಫ್ಯಾನು ಗೊಣಗಿಕೊಂಡು ತಿರುಗಿತು. ತಂತಿಯ ಮೇಲಿನ ಶೀಟುಗಳೆಲ್ಲ ನಿಧಾನವಾಗಿ ಮೇಲಕ್ಕೆ ಉಬ್ಬಿದವು. ಹೊರಗೆ ಅದೇ ಮಳೆ.

"ಅಂತೂ ಗಣಿಯಲ್ಲಿ ಏನು ಸಿಕ್ತು ಅಳಿಯಂದ್ರೇ?" ಅಮ್ಮ ಇಸ್ತ್ರಿ ಮೇಜಿನಿಂದಲೇ ಕೂಗಿದಳು.

"ಗಾಳಿ ಅತ್ತೆ."

"ಸದ್ಯ, ಸದ್ದಿಲ್ಲದ್ದು ಸಿಕ್ತಲ್ಲ."

ಮಧ್ಯಾಹ್ನ ಅಕ್ಕ ಒಳಗೆ ಹೋಗಿ ಒಂದು ಶೀಟಿನ ಅಂಚನ್ನು ಕೆನ್ನೆಗೆ ಒತ್ತಿಕೊಂಡಳು. ಏಣಿಯ ಮೇಲೆ ಕೂತು ಮುಖವನ್ನೇ ನೋಡುತ್ತಿದ್ದ ಭಾವನ ಕೆನ್ನೆಗೂ ಅದೇ ಅಂಚನ್ನು ಒತ್ತಿದಳು.

"ನೀವೇ ಹೇಳ್ರಿ" ಎಂದಳು.